ಚೈನ್ ಮಾಡುವ ಮೆಥಡ್ ಏನನ್ನು ರಿಟರ್ನ್ ಮಾಡಬೇಕು?

ಪ್ರಶ್ನೆ: ಸರ್, ನಾನು ಬ್ಯಾಡಗಿಯವನು, ಕೆಲಸ ಹುಬ್ಬಳ್ಳಿಯಲ್ಲಿ. ಮೆಣಸಿನಕಾಯಿ ಅಡತಿ (ದಲ್ಲಾಳಿ) ಅಂಗಡಿಗಳಲ್ಲಿ ರೈತರ ಪಟ್ಟಿ, ಅಂದರೆ ಮಾರಾಟದ ಬಿಲ್ಲು, ಲೆಕ್ಕ ಹಾಕಲು ಒಂದು ಸಣ್ಣ ಜಾವಾಸ್ಕ್ರಿಪ್ಟ್ ಲೈಬ್ರರಿ ಬರೆದಿದ್ದೇನೆ. ದರ, ಚೀಲ, ತೂಕ, ಹಮಾಲಿ ಎಲ್ಲ ಮೆಥಡ್‌ಗಳೂ ಕೊನೆಗೆ 'ರಿಟರ್ನ್ ದಿಸ್' ಮಾಡುತ್ತವೆ (ಯಾವ ಪಟ್ಟಿಯ ಮೇಲೆ ಕರೆದೆವೋ ಅದನ್ನೇ ಮರಳಿ ಕೊಡುತ್ತವೆ), ಹಾಗಾಗಿ ಒಂದರ ಹಿಂದೆ ಒಂದನ್ನು ಪೋಣಿಸಿ ಚೈನ್ ಮಾಡಿ ಕರೆಯಬಹುದು. ಈಗ ಎರಡು ತೊಂದರೆ ಬಂದಿವೆ. ಅಂದಿನ ದರ ತುಂಬಿಟ್ಟ ಒಂದು ಮೂಲ ಪಟ್ಟಿಯಿಂದ ಇಬ್ಬರು ರೈತರ ಪಟ್ಟಿ ಮಾಡಿದರೆ ಇಬ್ಬರಿಗೂ ಒಂದೇ ಮೊತ್ತ ಬರುತ್ತದೆ. ಎರಡನೆಯದು, ಸರ್ವರ್‌ಗೆ ಉಳಿಸುವ ಮೆಥಡ್ ಅಸಿಂಕ್ (ಕೆಲಸ ಮುಗಿಯುವ ಮೊದಲೇ ಮರಳುವಂಥದ್ದು) ಆದ್ದರಿಂದ ಚೈನ್ ಅಲ್ಲಿಗೇ ತುಂಡಾಗುತ್ತದೆ. ಗೆಳೆಯನ ಮಾತು ಕೇಳಿ ಪಟ್ಟಿಗೇ ಒಂದು 'ದೆನ್' ಮೆಥಡ್ ಕೊಟ್ಟೆ, ಒಂದೇ ಪಟ್ಟಿ ಸರ್ವರ್‌ನಲ್ಲಿ ಸಾಲುಗಟ್ಟಿ ಉಳಿಯತೊಡಗಿತು. ಮೂರು ಅಂಗಡಿಗಳಲ್ಲಿ ಲೈಬ್ರರಿ ಈಗಾಗಲೇ ಬಳಕೆಯಲ್ಲಿದೆ. ಏನು ರಿಟರ್ನ್ ಮಾಡಿದರೆ ಸರಿಹೋಗ್ತದ್ರಿ?

ಉತ್ತರ: ಮೊದಲು ನಿಮ್ಮ ಲೈಬ್ರರಿಗೆ ಬೇಕಾದ ಉತ್ತರ ಹೇಳಿಬಿಡುತ್ತೇನೆ. ಪಟ್ಟಿಗೆ ಏನಾದರೂ ಸೇರಿಸುವ ಅಥವಾ ಕಳೆಯುವ ಪ್ರತಿ ಮೆಥಡ್ ಹೊಸ ಪಟ್ಟಿಯನ್ನು ರಿಟರ್ನ್ ಮಾಡಲಿ, ಹಳೆಯದನ್ನು ಮುಟ್ಟದಿರಲಿ. ಒಟ್ಟು ಮೊತ್ತ ಕೇಳುವ ಮೆಥಡ್ ಬರೀ ಸಂಖ್ಯೆ ಕೊಡಲಿ. ಉಳಿಸುವ ಮೆಥಡ್ ಪ್ರಾಮಿಸ್ (ಉತ್ತರ ಆಮೇಲೆ ಬರುತ್ತದೆ ಎಂಬ ಭರವಸೆಯ ಆಬ್ಜೆಕ್ಟ್) ಕೊಡಲಿ, ಚೈನ್ ಅಲ್ಲಿಗೇ ಮುಗಿಯಲಿ. ಏಕೆ ಎಂಬುದನ್ನು ನಿಮ್ಮದೇ ಲೆಕ್ಕ ಇಟ್ಟುಕೊಂಡು ನೋಡೋಣ. ಇಲ್ಲಿನ ಅಂಕಿಗಳು ಉದಾಹರಣೆಗೆ ಹಿಡಿದವು, ಮಾರುಕಟ್ಟೆಯ ದರವಲ್ಲ.

ಮೂಲ = ಹೊಸಪಟ್ಟಿ().ದರ(30000).ಚೀಲತೂಕ(1)
ಲಾಟ್1 = ಮೂಲ.ಚೀಲ(12).ತೂಕ(504).ಹಮಾಲಿ(20)
ಲಾಟ್2 = ಮೂಲ.ಚೀಲ(7).ತೂಕ(301).ಹಮಾಲಿ(20)

ಮೊದಲ ಲಾಟಿನಲ್ಲಿ 12 ಚೀಲ, 504 ಕಿಲೋ. ಚೀಲಕ್ಕೆ 1 ಕಿಲೋ ಕಳೆದರೆ 492. ಕ್ವಿಂಟಲ್‌ಗೆ 30,000 ರೂಪಾಯಿಯಂತೆ 1,47,600. ಚೀಲಕ್ಕೆ 20 ರೂಪಾಯಿ ಹಮಾಲಿ ಅಂದರೆ 240 ಕಳೆದು ರೈತರ ಕೈಗೆ 1,47,360. ಎರಡನೆಯದರಲ್ಲಿ 294 ಕಿಲೋಗೆ 88,200, ಹಮಾಲಿ 140 ಹೋಗಿ 88,060. ಬರಬೇಕಾದ ಲೆಕ್ಕ ಇದು.

ಎಲ್ಲ ಮೆಥಡ್‌ಗಳೂ 'ದಿಸ್' ಕೊಟ್ಟರೆ ಮೂಲ, ಲಾಟ್1, ಲಾಟ್2 ಮೂರೂ ಒಂದೇ ಆಬ್ಜೆಕ್ಟಿನ ಮೂರು ಹೆಸರುಗಳು. ಕೊನೆಗೆ ಬರೆದ 7 ಚೀಲ, 301 ಕಿಲೋ ಮೊದಲಿನದನ್ನು ಅಳಿಸಿಹಾಕಿರುತ್ತದೆ. ಹಮಾಲಿಯನ್ನೂ ಒಂದೇ ಅಂಕಿಯಾಗಿ ಇಟ್ಟಿದ್ದರೆ ಇಬ್ಬರಿಗೂ 88,060 ಎಂದೇ ಪಟ್ಟಿ ಬರುತ್ತದೆ, ಮೊದಲ ರೈತರಿಗೆ 59,300 ರೂಪಾಯಿ ಕಡಿಮೆ. ಎಲ್ಲಿಯೂ ಎರರ್ ಬರುವುದಿಲ್ಲ. ಎರಡೂ ಅಂಕಿಗಳು ನೋಡಲು ಸರಿಯಾದ ಪಟ್ಟಿಯಂತೆಯೇ ಇರುತ್ತವೆ, ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಇದೇ ಹಳ್ಳಕ್ಕೆ ದೊಡ್ಡ ಲೈಬ್ರರಿಗಳೂ ಬಿದ್ದಿವೆ. ದಿನಾಂಕದ ಲೆಕ್ಕಕ್ಕೆ ವರ್ಷಗಟ್ಟಲೆ ಎಲ್ಲರೂ ಬಳಸಿದ ಮೊಮೆಂಟ್‌ನಲ್ಲಿ 'ಆ್ಯಡ್' ಮೆಥಡ್ ಇದ್ದ ದಿನಾಂಕವನ್ನೇ ಬದಲಿಸಿ ಅದನ್ನೇ ಮರಳಿ ಕೊಡುತ್ತದೆ. ಇವತ್ತಿನ ತಾರೀಖಿಗೆ 15 ದಿನ ಸೇರಿಸಿ 'ಗಡುವು' ಎಂದು ಹೆಸರಿಟ್ಟರೆ 'ಇವತ್ತು' ಕೂಡ 15 ದಿನ ಮುಂದೆ ಓಡಿರುತ್ತದೆ. 2020ರಲ್ಲಿ ಮೊಮೆಂಟ್ ತಂಡ ಹೊಸ ಪ್ರಾಜೆಕ್ಟ್‌ಗಳಿಗೆ ಬೇರೆಯದನ್ನು ಆರಿಸಿಕೊಳ್ಳಿ ಎಂದಿತು. ಅವರು ಹೆಸರಿಸಿದ ಲಕ್ಸಾನ್, ಡೇಜೆಎಸ್ ಎರಡೂ ಪ್ರತಿ ಸಲ ಹೊಸ ಆಬ್ಜೆಕ್ಟ್ ಕೊಡುತ್ತವೆ.

ಹಾಗಾದರೆ 'ರಿಟರ್ನ್ ದಿಸ್' ತಪ್ಪೇ ಎಂದರೆ, ಇಲ್ಲ. ವೆಬ್ ಪುಟ ಬದಲಿಸುವ ಲೈಬ್ರರಿ ಜೆಕ್ವೆರಿಯಲ್ಲಿ ಅದು ಚೆನ್ನಾಗಿಯೇ ನಡೆದಿದೆ, ಏಕೆಂದರೆ ಅಲ್ಲಿ ಬದಲಾಗುವುದು ಪರದೆಯ ಮೇಲಿನ ಎಲಿಮೆಂಟ್. ಅದು ಇರುವುದೇ ಒಂದು, ಅದರ ಪ್ರತಿ ಮಾಡಿ ಯಾರಿಗೂ ಉಪಯೋಗವಿಲ್ಲ. ಕ್ಲಾಸ್ ಸೇರಿಸುವ ಮೆಥಡ್ ಇದ್ದ ಆಬ್ಜೆಕ್ಟನ್ನೇ ಕೊಡುತ್ತದೆ. ಅದೇ ಜೆಕ್ವೆರಿಯಲ್ಲಿ 'ಫೈಂಡ್', 'ಫಿಲ್ಟರ್' ಕರೆದರೆ ಹೊಸ ಆಬ್ಜೆಕ್ಟ್ ಬರುತ್ತದೆ, ಹಿಂದಿನದರ ಕೊಂಡಿಯನ್ನು ಒಳಗೆ ಇಟ್ಟುಕೊಂಡೇ ಬರುತ್ತದೆ. ಅದಕ್ಕೇ 'ಎಂಡ್' ಎಂದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಲು ಸಾಧ್ಯ. ಚಾರ್ಟ್ ಬಿಡಿಸುವ ಲೈಬ್ರರಿ ಡಿ3ಯಲ್ಲಿಯೂ ಹೀಗೆಯೇ: 'ಆ್ಯಟರ್' ಅದೇ ಸೆಲೆಕ್ಷನ್ (ಆರಿಸಿದ ಎಲಿಮೆಂಟ್‌ಗಳ ಗುಂಪು) ಕೊಡುತ್ತದೆ, 'ಅಪೆಂಡ್' ಹೊಸದನ್ನು. ಓದುವವರಿಗೆ ವ್ಯತ್ಯಾಸ ಕಣ್ಣಿಗೆ ಬೀಳಲಿ ಎಂದು ಡಿ3 ಬರೆಯುವವರು ಒಂದು ರೂಢಿ ಮಾಡಿಕೊಂಡರು. ಅದೇ ಸೆಲೆಕ್ಷನ್ ಬರುವ ಸಾಲಿಗೆ 4 ಸ್ಪೇಸ್ ಒಳಗೆ, ಹೊಸದು ಬರುವ ಸಾಲಿಗೆ 2 ಸ್ಪೇಸ್.

ಜಾವಾಸ್ಕ್ರಿಪ್ಟ್ ಭಾಷೆಯನ್ನೇ ಮಾದರಿ ಮಾಡಿಕೊಳ್ಳೋಣ ಎಂದರೆ ಅಲ್ಲಿ ಒಂದೊಂದು ಮನೆಗೆ ಒಂದೊಂದು ಪದ್ಧತಿ. ಅರೇ ಅಂದರೆ ಬೆಲೆಗಳ ಸಾಲು, ಅದರ 'ಮ್ಯಾಪ್', 'ಫಿಲ್ಟರ್' ಹೊಸ ಅರೇ ಕೊಡುತ್ತವೆ. 'ಸಾರ್ಟ್', 'ರಿವರ್ಸ್' ಇದ್ದದ್ದನ್ನೇ ತಿರುವಿಹಾಕಿ ಅದನ್ನೇ ಕೊಡುತ್ತವೆ. 'ಪುಷ್' ಕೊಡುವುದು ಹೊಸ ಉದ್ದ, 'ಸ್ಪ್ಲೈಸ್' ಕೊಡುವುದು ಕಿತ್ತುಹಾಕಿದ ತುಣುಕುಗಳು, 'ಫಾರ್‌ಈಚ್' ಏನೂ ಕೊಡುವುದಿಲ್ಲ. ಸೆಟ್‌ನ 'ಆ್ಯಡ್' ಅದೇ ಸೆಟ್ ಕೊಟ್ಟರೆ 'ಡಿಲೀಟ್' ಕೊಡುವುದು ಟ್ರೂ ಅಥವಾ ಫಾಲ್ಸ್. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಸ್ಟ್ರೀಮಿನಲ್ಲಿ (ಹರಿದು ಬರುವ ಮಾಹಿತಿ) 'ಪೈಪ್' ಎಂದರೆ ಕೈಗೆ ಬರುವುದು ಹರಿದು ಹೋಗಿ ಸೇರುವ ಕಡೆಯ ಸ್ಟ್ರೀಮ್. ಅದರ ಮುಂದೆ ಎರರ್ ಹಿಡಿಯುವ 'ಆನ್' ಪೋಣಿಸಿದರೆ ಮೂಲದ ಎರರ್ ಅಲ್ಲಿಗೆ ಬರುವುದೇ ಇಲ್ಲ, ಬಹಳ ಮಂದಿ ಎಡವುವ ಜಾಗ ಇದು. ಕೊನೆಗೆ ಜಾವಾಸ್ಕ್ರಿಪ್ಟ್ ಭಾಷೆಯ 2023ರ ಆವೃತ್ತಿಯಲ್ಲಿ ಅರೇಗೆ 'ಟುಸಾರ್ಟೆಡ್', 'ಟುರಿವರ್ಸ್ಡ್', 'ಟುಸ್ಪ್ಲೈಸ್ಡ್', 'ವಿತ್' ಎಂಬ ಹೊಸ ಮೆಥಡ್‌ಗಳನ್ನು ಸೇರಿಸಿ, ಹಳೆಯದನ್ನು ಮುಟ್ಟದೆ ಹೊಸ ಅರೇ ಕೊಡುವ ದಾರಿ ಮಾಡಿದರು.

ಇದೆಲ್ಲದರಿಂದ ನೀವು ಎತ್ತಿಕೊಳ್ಳಬೇಕಾದದ್ದು ಇಷ್ಟು: ಮೆಥಡ್ ಏನು ಕೆಲಸ ಮಾಡಿತು ಎಂಬುದರ ಮೇಲೆ ಅದು ಏನು ಕೊಡಬೇಕೆಂಬುದು ನಿಂತಿದೆ. ಹೊರಗಿನ ಒಂದೇ ಒಂದು ವಸ್ತುವನ್ನು ಬದಲಿಸಿದರೆ 'ದಿಸ್'. ಇದ್ದದ್ದರಿಂದ ಇನ್ನೊಂದನ್ನು ಹುಟ್ಟಿಸಿದರೆ ಹೊಸದು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆ ಆ ಉತ್ತರ. ರೈತರ ಪಟ್ಟಿ ಎರಡನೆಯ ಜಾತಿಯದು, ಒಂದೇ ದರದಿಂದ ನೂರು ಪಟ್ಟಿ ಹುಟ್ಟುತ್ತವೆ.

ಈಗ ಕೈಕೆಲಸ. 'ದಿಸ್' ತೆಗೆದು ಹೊಸ ಆಬ್ಜೆಕ್ಟ್ ಕೊಡಲು ಹೊರಟವರು ಸಾಮಾನ್ಯವಾಗಿ ಮೂರು ಚುಕ್ಕಿಯ ಸ್ಪ್ರೆಡ್‌ನಿಂದ ಹಳೆಯದನ್ನು ನಕಲು ಮಾಡುತ್ತಾರೆ. ಇದು ಮೇಲುಪದರದ ನಕಲು ಮಾತ್ರ. ಪಟ್ಟಿಯೊಳಗೆ ಕಡಿತಗಳನ್ನು ಒಂದು ಅರೇಯಲ್ಲಿ ಇಟ್ಟಿದ್ದರೆ ಹೊಸ ಪಟ್ಟಿಗೂ ಹಳೆಯ ಪಟ್ಟಿಗೂ ಆ ಅರೇ ಒಂದೇ ಆಗಿ ಉಳಿಯುತ್ತದೆ. ಹಮಾಲಿ ಮೆಥಡ್ ಅದಕ್ಕೆ 'ಪುಷ್' ಮಾಡಿದರೆ ಮೊದಲ ಲಾಟಿನ 240, ಎರಡನೆಯದರ 140 ಎರಡೂ ಒಂದೇ ಬುಟ್ಟಿಗೆ ಬಿದ್ದು ಇಬ್ಬರಿಗೂ 380 ಕಡಿತವಾಗುತ್ತದೆ. ಆಗ ಬರುವ ಮೊತ್ತಗಳು 1,47,220 ಮತ್ತು 87,820. ಮೊದಲಿನ ತಪ್ಪಿಗಿಂತ ಇದು ಕೆಟ್ಟದ್ದು. ಇಬ್ಬರ ಮೊತ್ತವೂ ಬೇರೆ ಬೇರೆ ಇರುವುದರಿಂದ ಸರಿಹೋಯಿತು ಎಂದೇ ತೋರುತ್ತದೆ, ತಪ್ಪಿರುವುದು 140 ಮತ್ತು 240 ರೂಪಾಯಿ ಮಾತ್ರ.

ಆದ್ದರಿಂದ ಒಳಗಿನ ಅರೇಯನ್ನೂ ಹೊಸದಾಗಿ ಕಟ್ಟಿ: ಹಳೆಯ ಕಡಿತಗಳನ್ನು ಚೌಕ ಕಂಸದೊಳಗೆ ಸ್ಪ್ರೆಡ್ ಮಾಡಿ, ಹೊಸ ಕಡಿತವನ್ನು ಕೊನೆಗೆ ಇಡಿ. 'ಕಾನ್‌ಕ್ಯಾಟ್' ಬಳಸಿದರೂ ಸರಿ. ಅವಸರದಲ್ಲಿ 'ಪುಷ್' ಕರೆದು ಅದು ಕೊಟ್ಟಿದ್ದನ್ನೇ ಹೊಸ ಕಡಿತ ಎಂದು ಇಟ್ಟರೆ ಅರೇ ಇರಬೇಕಾದ ಕಡೆ 1 ಎಂಬ ಸಂಖ್ಯೆ ಕೂತಿರುತ್ತದೆ, ಮುಂದಿನ ಹಮಾಲಿ ಕರೆದಾಗ 'ಪುಷ್ ಈಸ್ ನಾಟ್ ಎ ಫಂಕ್ಷನ್' ಎಂದು ಅರಚುತ್ತದೆ. ಅರಚಿದ್ದೇ ಪುಣ್ಯ ಎನ್ನಬೇಕು.

ತಪ್ಪನ್ನು ಬೇಗ ಹಿಡಿಯಲು ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಕಟ್ಟುವ ಫಂಕ್ಷನ್) ಕೊನೆಯಲ್ಲಿ ಆಬ್ಜೆಕ್ಟ್‌ನ 'ಫ್ರೀಜ್' ಕರೆದು ಪಟ್ಟಿಯನ್ನು ಬಿಗಿದುಬಿಡಿ. ಫ್ರೀಜ್ ಕೂಡ ಮೇಲುಪದರಕ್ಕಷ್ಟೇ ಹತ್ತುತ್ತದೆ, ಕಡಿತದ ಅರೇಯನ್ನು ಬೇರೆಯಾಗಿ ಬಿಗಿಯಬೇಕು. ಬಿಗಿದ ಅರೇಗೆ ಯಾರಾದರೂ 'ಪುಷ್' ಮಾಡಿದರೆ ತಕ್ಷಣ ಟೈಪ್‌ಎರರ್ ಬರುತ್ತದೆ. ಬಿಗಿದ ಆಬ್ಜೆಕ್ಟಿನ ಪ್ರಾಪರ್ಟಿಗೆ ಬೆಲೆ ಕೊಟ್ಟಾಗ ಎರರ್ ಬರುವುದು ಸ್ಟ್ರಿಕ್ಟ್ ಮೋಡ್ ಎಂಬ ಬಿಗಿ ನಿಯಮದ ವಿಧಾನದಲ್ಲಿ ಮಾತ್ರ. ಕ್ಲಾಸ್ ಮತ್ತು ಮಾಡ್ಯೂಲ್ ಒಳಗೆ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಇರುತ್ತದೆ. ಹಳೆಯ ಕಾಲದ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಬರೆದಿದ್ದರೆ ಬೆಲೆ ಬದಲಾಗುವುದಿಲ್ಲ, ಎರರ್ ಕೂಡ ಇಲ್ಲ, ಸುಮ್ಮನೆ ನುಂಗಿಕೊಳ್ಳುತ್ತದೆ.

ಹೊಸ ಪಟ್ಟಿ ಕಟ್ಟುವಾಗ ನೇರವಾಗಿ 'ನ್ಯೂ ಪಟ್ಟಿ' ಎಂದು ಬರೆಯಬೇಡಿ. ನಾಳೆ ಯಾರಾದರೂ ಶೇಂಗಾಪಟ್ಟಿ ಎಂದು ನಿಮ್ಮ ಕ್ಲಾಸನ್ನು ವಿಸ್ತರಿಸಿದರೆ ಒಂದು ದರ ಕರೆದ ಕೂಡಲೇ ಅದು ಬರೀ ಪಟ್ಟಿಯಾಗಿ ಇಳಿದುಬಿಡುತ್ತದೆ, ಶೇಂಗಾದ ಮೆಥಡ್‌ಗಳೆಲ್ಲ ಮಾಯ. 'ದಿಸ್'ನ ಕನ್‌ಸ್ಟ್ರಕ್ಟರನ್ನೇ ಹಿಡಿದು ಹೊಸದು ಕಟ್ಟಿ. ಅದು ಕೆಲಸ ಮಾಡಬೇಕಾದರೆ ಎಲ್ಲ ಕನ್‌ಸ್ಟ್ರಕ್ಟರ್‌ಗಳೂ ಒಂದೇ ರೀತಿಯ ಆರ್ಗ್ಯುಮೆಂಟ್ ತೆಗೆದುಕೊಳ್ಳಬೇಕು. ದರ, ತೂಕ, ಚೀಲ ಎಂದು ಆರು ಆರ್ಗ್ಯುಮೆಂಟ್ ಇಡುವ ಬದಲು ಎಲ್ಲ ಮಾಹಿತಿ ಇರುವ ಒಂದೇ ಆಬ್ಜೆಕ್ಟ್ ತೆಗೆದುಕೊಳ್ಳಲಿ. ಟೈಪ್ ಸೇರಿಸಿದ ಜಾವಾಸ್ಕ್ರಿಪ್ಟ್ ಆದ ಟೈಪ್‌ಸ್ಕ್ರಿಪ್ಟ್ ಬಳಸುತ್ತಿದ್ದರೆ ರಿಟರ್ನ್ ಟೈಪ್ ಜಾಗದಲ್ಲಿ ಕ್ಲಾಸಿನ ಹೆಸರಿಗಿಂತ 'ದಿಸ್' ಎಂದೇ ಬರೆಯುವುದು ಒಳ್ಳೆಯದು, 1.7ನೇ ಆವೃತ್ತಿಯಿಂದ ಆ ಅನುಕೂಲವಿದೆ. ಹೊಸ ಆಬ್ಜೆಕ್ಟ್ ಕೊಡುವ ಕಡೆ ಮಾತ್ರ ಒಂದು ಟೈಪ್ ಕಾಸ್ಟ್ ಬೇಕಾಗುತ್ತದೆ, ಅದನ್ನು ಒಂದೇ ಒಳಮೆಥಡ್‌ನಲ್ಲಿ ಅಡಗಿಸಿ.

ಹೊಸದನ್ನು ಕೊಡುವ ಪದ್ಧತಿಗೆ ಅದರದೇ ಒಂದು ರೋಗವಿದೆ. ಹಮಾಲಿ ಬೇಕಿದ್ದರೆ ಮಾತ್ರ ಕಳೆಯಲು ಇಫ್ ಒಳಗೆ 'ಪಟ್ಟಿ.ಹಮಾಲಿ(20)' ಎಂದು ಬರೆದು, ಬಂದದ್ದನ್ನು ಹಿಡಿದುಕೊಳ್ಳುವುದನ್ನು ಮರೆತರೆ ಏನೂ ಆಗುವುದಿಲ್ಲ. ಕಡಿತವಾದ ಪಟ್ಟಿ ಹುಟ್ಟಿ, ಯಾರ ಕೈಗೂ ಸಿಗದೆ ಸಾಯುತ್ತದೆ. ಇದಕ್ಕೆ ಒಂದು ಮದ್ದು ಹೆಸರಿನಲ್ಲಿದೆ, ಮತ್ತು ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಅನುಕೂಲ. ಬದಲಿಸುವ ಮೆಥಡ್‌ಗೆ ಆಜ್ಞೆಯ ರೂಪ ಕೊಡಿ: ಹಮಾಲಿಕಳೆ. ಹೊಸದು ಕೊಡುವ ಮೆಥಡ್‌ಗೆ ಆಗಿಹೋದ ರೂಪ ಕೊಡಿ: ಹಮಾಲಿಕಳೆದ. ಹಮಾಲಿ ಕಳೆದ ಪಟ್ಟಿ ಎಂದು ಓದುವಾಗಲೇ ಅದು ಬೇರೆ ಪಟ್ಟಿ ಎಂಬುದು ಕಿವಿಗೆ ಬೀಳುತ್ತದೆ. 'ಸಾರ್ಟ್' ಮತ್ತು 'ಟುಸಾರ್ಟೆಡ್' ನಡುವೆ ಜಾವಾಸ್ಕ್ರಿಪ್ಟ್ ರೂಪಿಸುವವರು ಮಾಡಲು ಹೊರಟದ್ದೂ ಇದನ್ನೇ.

ಕನ್ನಡ ಹೆಸರುಗಳನ್ನು ಬಳಸಬಹುದೇ ಎಂಬ ಅನುಮಾನ ಬೇಡ, ಜಾವಾಸ್ಕ್ರಿಪ್ಟ್ ಯೂನಿಕೋಡ್ ಅಕ್ಷರಗಳ ಹೆಸರುಗಳನ್ನು ಒಪ್ಪುತ್ತದೆ. ಒಂದೇ ಎಚ್ಚರ: ಅರ್ಧಾಕ್ಷರ ಬಿಡಿಸಲು ಹಾಕುವ, ಕಣ್ಣಿಗೆ ಕಾಣದ ಜೋಡಣೆ ಮುರಿಯುವ ಅಕ್ಷರವೂ ಹೆಸರಿನ ಭಾಗವಾಗಿ ಎಣಿಕೆಯಾಗುತ್ತದೆ. ಅದು ಇರುವ ಹೆಸರು, ಇಲ್ಲದ ಹೆಸರು ಬೇರೆ ಬೇರೆ. ಕೀಬೋರ್ಡ್ ಬದಲಾದಾಗ ಇದರಿಂದ ತಲೆಕೆಡುತ್ತದೆ, ಅರ್ಧಾಕ್ಷರ ನಡುವೆ ಬರುವ ಹೆಸರನ್ನೇ ಬಿಟ್ಟರಾಯಿತು.

ಒಂದೇ ಮೆಥಡ್ ಕೊಡಲೂ ಕೇಳಲೂ ಬಳಕೆಯಾಗುವ ಪದ್ಧತಿ ಜೆಕ್ವೆರಿಯಲ್ಲಿದೆ: ದರ(30000) ಎಂದರೆ ಇಡು, ದರ() ಎಂದರೆ ಹೇಳು. ಬೇಡವೆನ್ನುತ್ತೇನೆ. ಫಾರ್ಮಿನಿಂದ ಬಂದ ದರ ಖಾಲಿಯಾಗಿ ಅನ್‌ಡಿಫೈನ್ಡ್ ಆಗಿದ್ದರೆ, 'ಬೆಲೆ ಅನ್‌ಡಿಫೈನ್ಡ್ ಇದ್ದರೆ ಕೇಳುತ್ತಿದ್ದಾರೆ' ಎಂದು ತಿಳಿಯುವ ಮೆಥಡ್ ಪಟ್ಟಿಯ ಬದಲು ಹಳೆಯ ದರವನ್ನು ಕೊಟ್ಟುಬಿಡುತ್ತದೆ. ಎರರ್ ಬರುವುದು ಮುಂದಿನ ಕೊಂಡಿ 'ತೂಕ'ದಲ್ಲಿ, ನೀವು ಹುಡುಕುವುದೂ ತೂಕದಲ್ಲೇ. ಎರಡೂ ಕೆಲಸ ಇಡಲೇಬೇಕೆಂದರೆ ಬೆಲೆಯನ್ನು ನೋಡದೆ ಎಷ್ಟು ಆರ್ಗ್ಯುಮೆಂಟ್ ಬಂದಿವೆ ಎಂದು ಎಣಿಸಿ. ಅದಕ್ಕಿಂತ ಬೇರೆ ಹೆಸರೇ ಲೇಸು.

ತಪ್ಪು ಬೆಲೆ ಬಂದಾಗ ನಲ್ ಅಥವಾ ಫಾಲ್ಸ್ ರಿಟರ್ನ್ ಮಾಡಬೇಡಿ, ಎರರ್ ಎಸೆಯಿರಿ. ನಲ್ ಕೊಟ್ಟರೆ ಬಳಸುವವರು ಪ್ರಶ್ನೆಚಿಹ್ನೆ ಚುಕ್ಕಿಯ ಆಪ್ಷನಲ್ ಚೈನಿಂಗ್ ಹಾಕಿ ಬಾಯಿ ಮುಚ್ಚಿಸುತ್ತಾರೆ, ಇಡೀ ಚೈನ್ ಅನ್‌ಡಿಫೈನ್ಡ್ ಆಗಿ ಪಟ್ಟಿಯಲ್ಲಿ ಮೊತ್ತದ ಜಾಗ ಖಾಲಿ ಅಚ್ಚಾಗುತ್ತದೆ. ಎರರ್‌ನಲ್ಲಿ ಮೆಥಡ್ ಹೆಸರು, ಬಂದ ಬೆಲೆ ಎರಡೂ ಇರಲಿ: 'ತೂಕ: ಸಂಖ್ಯೆ ಬೇಕಿತ್ತು, ಖಾಲಿ ಬಂದಿದೆ.'

ಇನ್ನು ಅಸಿಂಕ್. ಅಸಿಂಕ್ ಎಂದು ಬರೆದ ಮೆಥಡ್ ನೀವು ಏನೇ ರಿಟರ್ನ್ ಮಾಡಿದರೂ ಅದನ್ನು ಪ್ರಾಮಿಸ್‌ನೊಳಗೆ ಸುತ್ತಿಯೇ ಕೊಡುತ್ತದೆ. 'ಪಟ್ಟಿ.ಉಳಿಸು().ಮುದ್ರಿಸು()' ಎಂಬಲ್ಲಿ ಮುದ್ರಿಸು ಹೋಗುವುದು ಪ್ರಾಮಿಸ್ ಬಳಿಗೆ, ಅದಕ್ಕೆ ಆ ಹೆಸರಿನ ಮೆಥಡ್ ಇಲ್ಲ. ಎದುರಿಗೆ ಅವೇಟ್ (ಪ್ರಾಮಿಸ್ ಮುಗಿಯುವವರೆಗೆ ಕಾಯು) ಹಾಕಿದರೂ ಅದು ಇಡೀ ಚೈನಿಗೆ ಹತ್ತುತ್ತದೆ, ನಡುವೆ ನಿಂತು ಕಾಯುವುದಿಲ್ಲ.

ಗೆಳೆಯರ 'ದೆನ್' ಉಪಾಯ ಏಕೆ ಹಾಗೆ ಸುತ್ತಿತು ನೋಡಿ. 'ದೆನ್' ಎಂಬ ಮೆಥಡ್ ಇರುವ ಯಾವುದೇ ಆಬ್ಜೆಕ್ಟನ್ನು ಅವೇಟ್ ಪ್ರಾಮಿಸ್ ಎಂದೇ ನಂಬಿ ಆ ಮೆಥಡನ್ನು ಕರೆಯುತ್ತದೆ. ನಿಮ್ಮ ದೆನ್ ಸರ್ವರ್‌ಗೆ ಉಳಿಸಿ, ಮುಗಿದ ಮೇಲೆ 'ರಿಸಾಲ್ವ್'ಗೆ (ಉತ್ತರ ಬಂತು ಎಂದು ತಿಳಿಸುವ ಫಂಕ್ಷನ್) 'ದಿಸ್' ಕೊಟ್ಟಿರುತ್ತದೆ. ರಿಸಾಲ್ವ್ ನೋಡುತ್ತದೆ: ಬಂದ ಆಬ್ಜೆಕ್ಟಿಗೂ ದೆನ್ ಇದೆ, ಹಾಗಾದರೆ ಇದೂ ಮುಗಿಯಲಿ ಎಂದು ಮತ್ತೆ ಅದನ್ನೇ ಕರೆಯುತ್ತದೆ. ಮತ್ತೆ ಉಳಿಕೆ, ಮತ್ತೆ ದಿಸ್. ಅವೇಟ್ ಎಂದೂ ಮುಗಿಯುವುದಿಲ್ಲ, ಸರ್ವರ್‌ನಲ್ಲಿ ಪಟ್ಟಿಗಳ ಸಾಲು ಬೆಳೆಯುತ್ತದೆ. ನಡುವೆ ಸರ್ವರ್ ಇರದೆ ನೇರವಾಗಿ ದಿಸ್ ಕೊಟ್ಟಿದ್ದರೆ ಮೈಕ್ರೋಟಾಸ್ಕ್ ಸಾಲು (ಬ್ರೌಸರ್ ಬೇರೆ ಕೆಲಸಕ್ಕೆ ಮೊದಲು ಮುಗಿಸುವ ಸಣ್ಣ ಕೆಲಸಗಳ ಸಾಲು) ಖಾಲಿಯಾಗದೆ ಪುಟವೇ ನಿಂತುಬಿಡುತ್ತಿತ್ತು.

ಮಂಗೂಸ್, ಕ್ನೆಕ್ಸ್‌ನಂಥ ಡೇಟಾಬೇಸ್ ಲೈಬ್ರರಿಗಳು ಕ್ವೆರಿಗೆ ದೆನ್ ಕೊಟ್ಟಿವೆಯಲ್ಲ ಎಂದರೆ, ಅವು ಕೊನೆಗೆ ಕೊಡುವುದು ಡೇಟಾಬೇಸಿನಿಂದ ಬಂದ ಮಾಹಿತಿಯನ್ನು, ಕ್ವೆರಿಯನ್ನಲ್ಲ. ಆದರೂ ಅಲ್ಲಿ ಒಂದು ಮುಳ್ಳು ಉಳಿದಿದೆ: ಅರ್ಧ ಕಟ್ಟಿದ ಕ್ವೆರಿಯನ್ನು ಅಸಿಂಕ್ ಫಂಕ್ಷನ್‌ನಿಂದ ರಿಟರ್ನ್ ಮಾಡಿದರೆ, ಮುಂದೆ ಷರತ್ತು ಸೇರಿಸುವ ಮೊದಲೇ ಅದು ಓಡಿಬಿಡುತ್ತದೆ. ನಿಮ್ಮ ಪಟ್ಟಿಗೆ ಆ ಮೆಥಡ್ ಬೇಡ, ಇವತ್ತೇ ತೆಗೆದುಹಾಕಿ. ಉಳಿಸು ಚೈನಿನ ಕೊನೆಯ ಕೊಂಡಿಯಾಗಲಿ, ಅದರ ಪ್ರಾಮಿಸ್‌ನೊಳಗೆ ಸರ್ವರ್ ಕೊಟ್ಟ ಪಟ್ಟಿ ಸಂಖ್ಯೆ ತುಂಬಿದ ಹೊಸ ಪಟ್ಟಿ ಇರಲಿ. ಅವೇಟ್ ಮಾಡಿ ಒಂದು ಹೆಸರಿಗೆ ಹಿಡಿದು, ಮುಂದಿನ ಸಾಲಿನಲ್ಲಿ ಮುದ್ರಿಸಿ.

ಪ್ರತಿ ಮೆಥಡ್‌ಗೂ ಹೊಸ ಆಬ್ಜೆಕ್ಟ್ ಮಾಡಿದರೆ ನಿಧಾನವಾಗದೇ ಎಂಬ ಭಯ ನಿಮ್ಮ ಕೆಲಸಕ್ಕೆ ಬೇಡ. ಆರು ಮೆಥಡ್, ದಿನಕ್ಕೆ ಸಾವಿರ ಪಟ್ಟಿ ಎಂದರೂ ಆರು ಸಾವಿರ ಸಣ್ಣ ಆಬ್ಜೆಕ್ಟ್, ಬ್ರೌಸರ್‌ಗೆ ಲೆಕ್ಕಕ್ಕೇ ಇಲ್ಲ. ಕೈ ಸುಡುವುದು ಒಂದೇ ಕಡೆ: ಒಂದು ಅರೇಗೆ ಹತ್ತು ಸಾವಿರ ಸಾಲುಗಳನ್ನು ಒಂದೊಂದಾಗಿ ಸ್ಪ್ರೆಡ್ ಮಾಡಿ ಸೇರಿಸಿದರೆ ಒಟ್ಟು ಸುಮಾರು 5 ಕೋಟಿ ನಕಲುಗಳಾಗುತ್ತವೆ. ಅಂಥ ಕಡೆ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳುವ ಇನ್ನೊಂದು ಮೆಥಡ್ ಇಡಿ.

ಬರೆಯುವಾಗ ಆಗುವ ಸಣ್ಣ ತಪ್ಪು ಒಂದಿದೆ, ಸಣ್ಣದಾದರೂ ಅರ್ಧ ದಿನ ತಿನ್ನುತ್ತದೆ. 'ರಿಟರ್ನ್' ಬರೆದು ಎಂಟರ್ ಹೊಡೆದು ಕೆಳಗಿನ ಸಾಲಿನಲ್ಲಿ ಬೆಲೆ ಬರೆದರೆ ಜಾವಾಸ್ಕ್ರಿಪ್ಟ್ ರಿಟರ್ನ್ ಮುಂದೆಯೇ ಅರ್ಧವಿರಾಮ ಇದೆಯೆಂದು ತಿಳಿದು ಅನ್‌ಡಿಫೈನ್ಡ್ ಕೊಡುತ್ತದೆ. ಚೈನಿನ ಸಾಲುಗಳನ್ನು ಚುಕ್ಕಿಯಿಂದ ಶುರುಮಾಡಿದರೆ ಈ ತೊಂದರೆ ಇಲ್ಲ, ಮೊದಲ ಕೊಂಡಿ ಮಾತ್ರ ರಿಟರ್ನ್ ಪಕ್ಕದಲ್ಲೇ ಇರಬೇಕು. ಹಾಗೆಯೇ ಮೆಥಡ್‌ಗಳನ್ನು ಬಾಣದ ಗುರುತಿನ ಫಂಕ್ಷನ್ ಮಾಡಿ ಆಬ್ಜೆಕ್ಟ್ ಒಳಗೆ ಇಟ್ಟರೆ ಅಲ್ಲಿನ 'ದಿಸ್' ನಿಮ್ಮ ಪಟ್ಟಿಯಾಗಿರುವುದಿಲ್ಲ.

ಟೆಸ್ಟ್ ಬರೆಯುವುದಾದರೆ ಮೇಲಿನ ಎರಡು ಲಾಟಿನ ಲೆಕ್ಕವೇ ಸಾಕು. ಎರಡನ್ನೂ ಕಟ್ಟಿ ಮುಗಿದ ಮೇಲೆಯೇ ಮೊತ್ತ ಕೇಳಬೇಕು, ಒಂದನ್ನು ಕಟ್ಟಿ ಕೂಡಲೇ ಕೇಳಿದರೆ ತಪ್ಪು ಸಿಗುವುದಿಲ್ಲ. 1,47,360 ಮತ್ತು 88,060 ಬಂದವೇ, ಮೂಲ ಪಟ್ಟಿಯ ಕಡಿತದ ಅರೇ ಇನ್ನೂ ಖಾಲಿಯೇ ಎಂದು ನೋಡಿ. ಮೊತ್ತವನ್ನು ಕಿಲೋ ಗುಣಿಸು ದರ ಭಾಗಿಸು 100 ಎಂದು ಮಾಡಿ. ಮೊದಲೇ ಕ್ವಿಂಟಲ್‌ಗೆ ಇಳಿಸಿ 4.92 ಮಾಡಿಕೊಂಡರೆ ದಶಾಂಶದ ಚೂರು ಎಲ್ಲಾದರೂ ಕೈಕೊಡಬಹುದು.

ಮೂರು ಅಂಗಡಿಗಳಲ್ಲಿ ಓಡುತ್ತಿರುವ ಕೋಡಿನ ಬಗ್ಗೆ. ಅದೇ ಹೆಸರಿನ ಮೆಥಡ್‌ಗಳನ್ನು ಒಳಗಿಂದೊಳಗೆ ಬದಲಿಸಿ ಕಳಿಸಬೇಡಿ. ಯಾರಾದರೂ 'ಪಟ್ಟಿ.ಹಮಾಲಿ(20)' ಎಂದು ಒಂಟಿ ಸಾಲು ಬರೆದಿದ್ದರೆ ಇಲ್ಲಿಯವರೆಗೆ ಅದು ಸರಿಯಾಗಿಯೇ ಕಳೆಯುತ್ತಿತ್ತು, ಹೊಸ ಆವೃತ್ತಿಯಲ್ಲಿ ಸದ್ದಿಲ್ಲದೆ ಕಳೆಯುವುದನ್ನು ಬಿಡುತ್ತದೆ. ಮೆಥಡ್‌ಗಳ ಹೆಸರನ್ನೇ ಬದಲಿಸಿ: ದರ ಹೋಗಿ ದರಹಾಕಿದ, ಹಮಾಲಿ ಹೋಗಿ ಹಮಾಲಿಕಳೆದ. ಆವೃತ್ತಿಯ ಮೊದಲ ಅಂಕಿ ಏರಿಸಿ. ಹಳೆಯ ಹೆಸರುಗಳನ್ನು ಒಂದು ಆವೃತ್ತಿಯ ಮಟ್ಟಿಗೆ ಇಟ್ಟುಕೊಂಡು, ಕರೆದ ಕೂಡಲೇ 'ಹಮಾಲಿ ಈಗಿಲ್ಲ, ಹಮಾಲಿಕಳೆದ ಬಳಸಿ, ಬಂದದ್ದನ್ನು ಹಿಡಿದುಕೊಳ್ಳಿ' ಎಂದು ಎರರ್ ಎಸೆಯುವಂತೆ ಮಾಡಿ. ಅಂಗಡಿಯಲ್ಲಿ ವಹಿವಾಟು ನಡೆಯದ ದಿನ ನೋಡಿ ಹೊಸ ಆವೃತ್ತಿ ಹಾಕಿ, ಹಿಂದಿನ ವಾರದ ಪಟ್ಟಿಗಳನ್ನು ಮತ್ತೊಮ್ಮೆ ಓಡಿಸಿ. ಒಂದೇ ಮೂಲದಿಂದ ಕಟ್ಟಿದ ಪಟ್ಟಿಗಳಲ್ಲಿ ಮೊತ್ತ ವ್ಯತ್ಯಾಸ ಬಂದರೆ ಅವನ್ನು ಬೇರೆ ಎತ್ತಿಡಿ, ಅವು ಅಡತಿಯವರು ರೈತರಿಗೆ ಕೊಡಬೇಕಾದ ಬಾಕಿ ಆಗಿರಬಹುದು.